ಒಂದೇ ತಟ್ಟೆಗೆ ಬಂದ ಮೂರು ಬೀಗದ ಕೈ

"ಆಯುಧ ಪೂಜೆ ದಿನ ಕುಂಕುಮ ಬಿದ್ದು ಬೀಗದ ಕೈ ಕೆಟ್ಟೋಯ್ತು, ನಮ್ಮ ಹುಡುಗಿ ಬಂದು ಒರೆಸಿ ಸರಿಮಾಡಿದ್ಲು." ನಾನು ಕೆಲಸ ಮಾಡಿಕೊಟ್ಟ ಒಂದು ಸಂಸ್ಥೆಯ ಯಾವ ಸಭೆಗೆ ಹೋದರೂ ಈ ಕತೆ ಬರುತ್ತದೆ. ಹೇಳುವವರು ನಗುತ್ತಾರೆ, ಕೇಳುವವರೂ ನಗುತ್ತಾರೆ, ಯಾರಾದರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟುವುದೂ ಉಂಟು. ನನಗೆ ಈ ಕತೆಯ ಮೇಲೆ ತಕರಾರಿದೆ. ಕುಂಕುಮ ಅಲ್ಲಿ ಆರೋಪಿಯೇ ಅಲ್ಲ. ಕುಂಕುಮ ಬೀಳದೆ ಹೋಗಿದ್ದರೆ ಏನು ನಡೆಯಿತು ಎಂಬುದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಹಾಗೆ ನೋಡಿದರೆ ಅದು ಸಾಕ್ಷಿ.

ಗೂಢಲಿಪಿಯ ಚರಿತ್ರೆ ಹೇಳುವವರ ಮೇಲೂ ನನಗೆ ಇಂಥದೇ ತಕರಾರು. ರೋಮಿನ ಸೇನಾಪತಿ ಅಕ್ಷರಗಳನ್ನು ಒಂದಿಷ್ಟು ಮನೆ ಮುಂದಕ್ಕೆ ಸರಿಸಿ ಓಲೆ ಬರೆದನಂತೆ. ಅರಬ್ ವಿದ್ವಾಂಸರು ಯಾವ ಅಕ್ಷರ ಹೆಚ್ಚು ಸಲ ಬರುತ್ತದೆಂದು ಎಣಿಸಿ ಅಂಥ ಓಲೆಗಳನ್ನು ಒಡೆದರಂತೆ. ಮಹಾಯುದ್ಧದಲ್ಲಿ ಯಂತ್ರವೇ ಗುಟ್ಟು ಬರೆಯಿತು, ಯಂತ್ರವೇ ಅದನ್ನು ಒಡೆಯಿತು. ಆಮೇಲೆ ಗಣಿತದವರು ಬಂದು ಯಾರೂ ಒಡೆಯಲಾಗದ ಬೀಗ ಮಾಡಿದರು. ಎಲ್ಲ ನಿಜವೇ. ಆದರೆ ಆ ಕತೆಯಲ್ಲಿ ಬೀಗ ಮಾಡುವ ಜಾಣರು, ಬೀಗ ಒಡೆಯುವ ಜಾಣರು, ಇಷ್ಟೇ ಜನ. ಗುಟ್ಟು ಯಾರದೋ ಅವರು ಒಂದು ಮಾತನ್ನೂ ಆಡುವುದಿಲ್ಲ.

ನಮ್ಮ ಕತೆಯಲ್ಲಿ ಗುಟ್ಟು ಒಬ್ಬ ಹೆಂಗಸಿನದು. ಭದ್ರಾವತಿಯ ಗಂಡನ ಮನೆಯಲ್ಲಿ ಏಟು ತಿಂದು ತಿಂದು ಒಂದು ದಿನ ಮಗಳ ಕೈ ಹಿಡಿದು ಹೊರಬಂದವರು. ಈಗ ಎಲ್ಲಿದ್ದಾರೆ ಎಂಬುದೇ ಅವರ ಗುಟ್ಟು. ಅವರಿಗೆ ನೆರವಾದದ್ದು ಇಂಥ ಹೆಂಗಸರಿಗಾಗಿ ಕೆಲಸ ಮಾಡುವ ಆ ಸಂಸ್ಥೆಯೇ. ಅದರ ಮುಖ್ಯ ಕಚೇರಿ ಶಿವಮೊಗ್ಗದ ಗೋಪಾಳದಲ್ಲಿ. ಭದ್ರಾವತಿಯಲ್ಲಿ, ಹಳೆಯ ಫ್ಯಾಕ್ಟರಿ ಕ್ವಾರ್ಟರ್ಸ್ ಸಾಲಿನ ಒಂದು ಮನೆಯಲ್ಲಿ, ಸಲಹಾ ಕೇಂದ್ರ. ನಾನು ಶಿವಮೊಗ್ಗದ ಒಂದು ಸಣ್ಣ ಕಂಪ್ಯೂಟರ್ ಸರ್ವಿಸ್ ಕಂಪನಿಯವಳು. ಭದ್ರಾವತಿಯ ಆ ಕಂಪ್ಯೂಟರಿಗೆ ಭದ್ರತೆ ಮಾಡಿಕೊಡಲು ನನ್ನನ್ನು ಕಳಿಸಿದ್ದರು.

ಮೊದಲ ದಿನ ಹೋಗಿ ನೋಡಿದರೆ ಪಾಸ್‌ವರ್ಡು ಸಂಸ್ಥೆಯ ಹೆಸರೇ. ಮುಂದೆ ಒಂದು, ಎರಡು, ಮೂರು. ಕೇಂದ್ರವನ್ನು ನಡೆಸುವ ಸಲಹೆಗಾರ್ತಿ ಅಕ್ಕ, ಫ್ಯಾಕ್ಟರಿ ನೌಕರರ ಮಗಳು, ಆ ಸಾಲಿನಲ್ಲೇ ಹುಟ್ಟಿ ಬೆಳೆದವರು, ಸಂಕೋಚವಿಲ್ಲದೆ ಹೇಳಿದರು: "ಮರೆತು ಹೋಗ್ಬಾರದಲ್ಲಮ್ಮಾ, ಅದಕ್ಕೆ."

"ಕದಿಯೋನಿಗೂ ಮರೆಯಲ್ಲ ಅಕ್ಕ."

"ಇಲ್ಲಿಗ್ಯಾರು ಬರ್ತಾರೆ ಕದಿಯಕ್ಕೆ? ಎಲ್ಲಾ ನಮ್ಮವರೇ."

ಈ 'ಎಲ್ಲಾ ನಮ್ಮವರೇ' ಎಂಬ ಮಾತು ನೆನಪಿರಲಿ.

ವಿಳಾಸ, ಗಾಯದ ಫೋಟೋ, ಆಸ್ಪತ್ರೆಯ ಚೀಟಿ ಇಂಥವನ್ನೆಲ್ಲ ದಿನದ ಕೆಲಸದಿಂದ ಬೇರ್ಪಡಿಸಿ ಒಂದೇ ಪೆಟ್ಟಿಗೆಗೆ ಹಾಕಿದೆ. ಪೆಟ್ಟಿಗೆ ಅಂದರೆ ಕಂಪ್ಯೂಟರಿನೊಳಗಿನ ಒಂದು ದೊಡ್ಡ ಫೈಲು, ಪೂರ್ತಿ ಎನ್‌ಕ್ರಿಪ್ಟ್ ಆದದ್ದು, ಅಂದರೆ ಗೂಢಲಿಪಿಗೆ ತಿರುಗಿದ್ದು. ಕೀ ಇಲ್ಲದೆ ತೆರೆದರೆ ಅಲ್ಲಿ ಕಾಣುವುದು ಬರೀ ಕಲಸುಮೇಲೋಗರವಾದ ಅಕ್ಷರ. ಯಾವ ಅಕ್ಷರ ಎಷ್ಟು ಸಲ ಬಂತೆಂದು ಎಣಿಸಿ ಒಡೆಯುವ ಅರಬ್ಬರ ಉಪಾಯ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಎಲ್ಲವೂ ಹೆಚ್ಚು ಕಡಿಮೆ ಒಂದೇ ಲೆಕ್ಕದಲ್ಲಿ ಬರುತ್ತವೆ. ಒಂದೊಂದೇ ಕೀ ಹಾಕಿ ನೋಡುತ್ತ ಹೋದರೆ ಲೋಕದ ಕಂಪ್ಯೂಟರುಗಳೆಲ್ಲ ಸೇರಿದರೂ ಮುಗಿಯುವ ಕೆಲಸವಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಯೂರೋಪಿನ ಒಬ್ಬ ಭಾಷಾ ಮೇಷ್ಟ್ರು ಹೇಳಿಬಿಟ್ಟಿದ್ದಾನೆ: ಬೀಗ ಹೇಗೆ ಕೆಲಸ ಮಾಡುತ್ತದೆಂದು ಶತ್ರುವಿಗೆ ಗೊತ್ತಿದ್ದರೂ ಪರವಾಗಿಲ್ಲ, ಕೀ ಒಂದು ಗುಟ್ಟಾಗಿದ್ದರೆ ಸಾಕು. ಅಂದರೆ ಗುಟ್ಟು ಮಾಯವಾಗುವುದಿಲ್ಲ, ಸಣ್ಣದಾಗುತ್ತದೆ. ಸಾವಿರ ಪುಟದ ಗುಟ್ಟು ಹೋಗಿ ಒಂದು ಕೀಯಷ್ಟು ಗುಟ್ಟು ಉಳಿಯುತ್ತದೆ. ಆ ಕೀ ಯಾರ ಹತ್ತಿರ?

ಇಲ್ಲಿ ಜಗಳ ಶುರುವಾಯಿತು, ಮುಖ್ಯ ಕಚೇರಿಯಲ್ಲಿ ಎಲ್ಲರೂ ಕೂತಿದ್ದಾಗ. ಸಂಸ್ಥೆಯ ಕೇಸುಗಳನ್ನು ನೋಡಿಕೊಳ್ಳುವ ವಕೀಲರು ಗೋಪಾಳದವರು. "ನೀನೇ ಇಟ್ಕೊಂಡ್ಬಿಡು ಮಾರಾಯ್ತಿ. ಬೇಕಾದಾಗ ಫೋನ್ ಮಾಡ್ತೀವಿ, ಬಂದು ತೆಗ್ದು ಕೊಡು" ಅಂದರು.

"ನನ್ನ ನಂಬ್ತೀರಾ ಸರ್?"

"ಇದೇನಿದು ಪ್ರಶ್ನೆ?"

"ನಾಳೆ ನಾನು ಕೆಲಸ ಬಿಟ್ರೆ? ನನ್ನ ಫೋನ್ ಕಳೆದ್ರೆ? ನಮ್ಮ ಮನೆಗೆ ನಾಲ್ಕು ಜನ ಬಂದು ಹೆದರಿಸಿದ್ರೆ? ನನ್ನ ನಂಬಬೇಡಿ. ಯಾರೊಬ್ಬರನ್ನೂ ನಂಬೋ ಅಗತ್ಯ ಇಲ್ಲದ ಹಾಗೆ ಮಾಡೋಣ."

"ವಕೀಲ ನಾನಾ, ನೀನಾ?"

ಒಂದು ಹಾಳೆ ತೆಗೆದುಕೊಂಡು ಚುಕ್ಕಿ ಇಟ್ಟೆ. ಈ ಒಂದು ಚುಕ್ಕಿಯ ಮೂಲಕ ಎಷ್ಟು ನೇರ ಗೆರೆ ಎಳೆಯಬಹುದು? ಎಷ್ಟು ಬೇಕಾದರೂ. ಇನ್ನೊಂದು ಚುಕ್ಕಿ ಇಟ್ಟರೆ? ಎರಡರ ಮೂಲಕವೂ ಹಾಯುವ ಗೆರೆ ಒಂದೇ ಒಂದು. ಆ ಗೆರೆ ಹಾಳೆಯ ಎಡ ಅಂಚನ್ನು ಎಲ್ಲಿ ಮುಟ್ಟುತ್ತದೋ ಅದೇ ನಮ್ಮ ಕೀ ಅಂದುಕೊಳ್ಳಿ. ಅದೇ ಗೆರೆಯ ಮೇಲಿನ ಮೂರು ಚುಕ್ಕಿಗಳನ್ನು ಮೂರು ಪೆನ್‌ಡ್ರೈವಿಗೆ ಹಾಕಿ ಮೂವರಿಗೆ ಕೊಡುತ್ತೇನೆ. ಯಾರೇ ಇಬ್ಬರು ಸೇರಿದರೂ ಗೆರೆ ಸಿಗುತ್ತದೆ, ಪೆಟ್ಟಿಗೆ ತೆರೆಯುತ್ತದೆ. ಒಬ್ಬರೇ ಕೂತರೆ ಜನ್ಮವಿಡೀ ಕೂತರೂ ಏನೂ ಸಿಗುವುದಿಲ್ಲ. ಒಂದು ಕಳೆದರೂ ಕೆಲಸ ನಿಲ್ಲುವುದಿಲ್ಲ.

ಸಂಸ್ಥೆಯ ಅಧ್ಯಕ್ಷೆ ಮೇಡಂ ಮುಖ ಅರಳಿತು. ಅವರು ನಿವೃತ್ತ ಸಂಸ್ಕೃತ ಅಧ್ಯಾಪಕಿ, ಮನೆ ಶಿವಮೊಗ್ಗದಲ್ಲೇ, ಕೋಟೆಯ ಕಡೆ. "ಅಲ್ಲ ಕಣೇ, ಇದು ನಮ್ಮಲ್ಲಿ ಮೊದ್ಲಿಂದ ಇರೋದೇ. ನಮ್ಮ ತವರಿನ ಕಡೆ ದೇವರ ಒಡವೆ ಪೆಟ್ಟಿಗೆಗೆ ಮೂರು ಬೀಗ. ಮೂರು ಮನೇಲಿ ಮೂರು ಕೈ. ಉತ್ಸವದ ದಿನ ಮೂವರೂ ತಂದು ತಟ್ಟೇಲಿಟ್ಟು, ಪೂಜೆ ಮಾಡಿ, ಆಮೇಲೇ ತೆಗೆಯೋದು."

'ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು' ಎಂಬ ವಾದ ಕೇಳಿದರೆ ನನ್ನ ನಾಲಿಗೆ ತಾನಾಗಿಯೇ ಏಳುತ್ತದೆ. "ಒಂದೇ ಅಲ್ಲ ಮೇಡಂ. ಅಲ್ಲಿ ಒಂದು ಕೈ ಕಳೆದ್ರೂ ದೇವರಿಗೆ ಒಡವೆ ಇಲ್ಲ. ಮೂರೂ ಇಲ್ದೇ ಹೋದ್ರೂ ಕೊಡಲಿ ಇದ್ರೆ ಪೆಟ್ಟಿಗೆ ತೆರೆಯತ್ತೆ. ಇದಕ್ಕೆ ಕೊಡಲಿ ಇಲ್ಲ."

"ಆಯ್ತು, ನೀನೇ ಗೆದ್ದೆ. ಆದ್ರೂ ನಂಗೆ ಅರ್ಥ ಆಗಿದ್ದು ಹಂಗೇ."

ಮೇಡಂಗೆ ಅರ್ಥವಾಯಿತು, ಒಪ್ಪಿದರು, ಅವರು ಒಪ್ಪಿದ ಮೇಲೆ ವಕೀಲರೂ ಒಪ್ಪಿದರು. ಮೇಡಂಗೊಂದು, ವಕೀಲರಿಗೊಂದು, ಭದ್ರಾವತಿಯ ಅಕ್ಕನಿಗೊಂದು. ವಕೀಲರು ಕೋರ್ಟಿಗೆಂದು ಭದ್ರಾವತಿಗೆ ಹೋದಾಗ ಅಕ್ಕನೂ ಅವರೂ ಸೇರಿ ಪೆಟ್ಟಿಗೆ ತೆರೆಯುವುದು, ಕೆಲಸ ಮುಗಿಸಿ ಮುಚ್ಚುವುದು. ದಸರೆಯವರೆಗೂ ಚೆನ್ನಾಗಿಯೇ ನಡೆಯಿತು.

ವಿಜಯದಶಮಿಯ ಬೆಳಿಗ್ಗೆ ಅಕ್ಕನ ಫೋನು. "ಅಮ್ಮಾ, ಯಾವ ಕೀನೂ ತಗೋತಾ ಇಲ್ಲ. ವಕೀಲರು ಇಲ್ಲೇ ಕೂತಿದ್ದಾರೆ. ಕೋರ್ಟ್ ರಜ ಮುಗಿದ ತಕ್ಷಣ ಆಯಮ್ಮನ ಕೇಸಿದೆ. ಇವತ್ತೇ ಫೋಟೋ ಬೇಕಂತೆ."

ಆಯಮ್ಮ ಅಂದರೆ ಅದೇ ಹೆಂಗಸು. ಗಂಡ ಹತ್ತಿರ ಸುಳಿಯಬಾರದು ಎಂದು ಆದೇಶ ಕೇಳುವ ಅರ್ಜಿ ಅದು. ಗಾಯದ ಫೋಟೋಗಳು ಪೆಟ್ಟಿಗೆಯಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಬೇರೆಲ್ಲೂ ಇರಬಾರದು ಎಂದು ಹಟ ಹಿಡಿದವಳು ನಾನೇ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತು, ಕಾಲೇಜಿನ ಡಿಬೇಟುಗಳಲ್ಲಿ ಮಾಡುತ್ತಿದ್ದ ಹಾಗೆ, ಎರಡೂ ಬದಿಯ ವಾದ ಮಾಡಿಕೊಳ್ಳುತ್ತ ಹೋದೆ. ಸಾಫ್ಟ್‌ವೇರ್ ದೋಷವೇ? ಆದರೆ ನಿನ್ನೆಯವರೆಗೂ ಸರಿ ಇತ್ತಲ್ಲ. ಕಂಪ್ಯೂಟರಿಗೆ ಇವನ್ನೆಲ್ಲ ಚುಚ್ಚುವ ಪೋರ್ಟ್ ಕೆಟ್ಟಿದೆಯೇ? ಕೆಟ್ಟಿದ್ದರೆ ಮೌಸೂ ನಡೆಯಬಾರದಲ್ಲ. 'ಯಾವ ಕೀನೂ' ಅಂದರಲ್ಲ ಅಕ್ಕ... ಅವರ ಹತ್ತಿರ ಇರಬೇಕಾದದ್ದು ಒಂದು, ವಕೀಲರದು ಸೇರಿದರೆ ಎರಡು. ಎರಡಕ್ಕೆ ಯಾರಾದರೂ 'ಯಾವುದೂ' ಅನ್ನುತ್ತಾರೆಯೇ? 'ಎರಡೂ' ಅನ್ನುತ್ತಾರೆ. ಭದ್ರಾವತಿಯಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಕೇಂದ್ರಕ್ಕೆ ಓಡಿದೆ.

ಕೇಂದ್ರದ ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ ಇನ್ನೂ ಬಿದ್ದಿತ್ತು. ಒಳಗೆ ಕಂಪ್ಯೂಟರಿಗೆ ಚೆಂಡುಹೂವಿನ ಹಾರ, ಪರದೆಗೆ ಮೂರು ಬೆರಳಿನ ವಿಭೂತಿ. ಪಕ್ಕದಲ್ಲಿ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಅಡಿಕೆ, ವೀಳ್ಯದೆಲೆ, ಮತ್ತು ಸಾಲಾಗಿ ಮಲಗಿಸಿದ ಮೂರು ಪೆನ್‌ಡ್ರೈವು. ಒಂದೊಂದರ ಮೇಲೂ ಗಂಧ, ಅರಿಶಿನ, ಕುಂಕುಮ. ಬೀಗದ ಕೈಯಲ್ಲವೇ, ಕಂಪ್ಯೂಟರಿಗೆ ಚುಚ್ಚುವ ಬಾಯಿಗೂ ಬೊಟ್ಟು ಇಡಬೇಡವೇ? ಇಟ್ಟಿದ್ದರು.

"ಮೂರನೇದು ಇಲ್ಲಿ ಹೇಗೆ ಬಂತು?"

"ಮೇಡಮ್ಮೇ ವಕೀಲರದ್ದೂ ಇಸ್ಕೊಂಡು ತಂದು ಕೊಟ್ಟು ಹೋದ್ರು ನಿನ್ನೆ. ಪೂಜೆಗೆ ಮೂರೂ ಒಟ್ಟಿಗೆ ಇಡಬೇಕು ಅಂತ."

"ಒಟ್ಟಿಗೆ ಇರಬಾರದು ಅಂತಾನೇ ಅಲ್ವಾ ಅಕ್ಕ ಮೂರು ಮಾಡಿದ್ದು?"

"ಹಬ್ಬದ ದಿನ ಕಣಮ್ಮಾ! ನಮ್ಮಪ್ಪ ಇದ್ದಾಗ ಫ್ಯಾಕ್ಟರಿಯಲ್ಲಿ ಒಂದು ಸ್ಪ್ಯಾನರ್ ಕೂಡ ಪೂಜೆ ಮಾಡ್ದೆ ಬಿಡ್ತಿರ್ಲಿಲ್ಲ. ಪೂಜೆಗಿಟ್ಟ ಮೇಲೆ ಮಾರನೇ ದಿನದವರೆಗೂ ಮುಟ್ಟೋ ಹಾಗಿಲ್ಲ."

ಮಾರನೇ ದಿನದವರೆಗೂ ಮುಟ್ಟುವ ಹಾಗಿಲ್ಲ. ಅಂದರೆ ಪೆಟ್ಟಿಗೆ ಮತ್ತು ಅದರ ಮೂರೂ ಕೈ ಒಂದೇ ಮೇಜಿನ ಮೇಲೆ, ಯಾರೂ ಮುಟ್ಟದೆ, ಯಾರೂ ಕಾಯದೆ. ಒಡವೆ ಪೆಟ್ಟಿಗೆಯ ಕತೆಯನ್ನು ನಾನು ತಿದ್ದಿದ್ದೆ, ಆದರೆ ತಿದ್ದಬೇಕಾದ ಜಾಗದಲ್ಲಿ ಅಲ್ಲ. ಉತ್ಸವದ ದಿನ ಮೂವರೂ ತಂದು ತಟ್ಟೆಯಲ್ಲಿಡುವುದು ಎಂದು ಮೇಡಂ ಸ್ಪಷ್ಟವಾಗಿಯೇ ಹೇಳಿದ್ದರು. ನಾನು ಕೊಡಲಿಯ ಬಗ್ಗೆ ವಾದಿಸುತ್ತಿದ್ದೆ.

ವಕೀಲರು ಕೈಗಡಿಯಾರ ನೋಡಿಕೊಂಡರು. "ವಾದ ಆಮೇಲೆ. ಈಗ ತೆಗೀತೀಯಾ, ಇಲ್ವಾ?"

ಒದ್ದೆಯಾಗಿದ್ದಾಗಲೇ ಅಕ್ಕ ಚುಚ್ಚಿ ನೋಡಿದ್ದ ಒಂದು ಪೆನ್‌ಡ್ರೈವು ಸತ್ತೇ ಹೋಗಿತ್ತು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಉಳಿದೆರಡರ ಕವಚ ಬಿಚ್ಚಿದೆ. ಅರಿಶಿನ ಮತ್ತು ತೆಂಗಿನಕಾಯಿ ನೀರು ಸೇರಿ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಅಂಟಿನಂತೆ ಒಣಗಿತ್ತು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ನೆನೆಸುವುದು, ಮೆತ್ತನೆಯ ಬ್ರಶ್ಶಿನಲ್ಲಿ ಒಂದೇ ದಿಕ್ಕಿಗೆ ಉಜ್ಜುವುದು, ಭೂತಗನ್ನಡಿಯಲ್ಲಿ ನೋಡುವುದು, ಮತ್ತೆ ನೆನೆಸುವುದು. ಹಾಕಿ ನೋಡುವ ಆಸೆಯನ್ನು ತಡೆದುಕೊಳ್ಳುವುದೇ ಈ ಕೆಲಸದ ಕಷ್ಟ. ಒಳಗೆ ಹನಿ ತೇವ ಉಳಿದಿದ್ದರೂ ಇದೂ ಸುಡುತ್ತದೆ, ಆಗ ಗೆರೆ ಎಳೆಯಲು ಎರಡನೇ ಚುಕ್ಕಿಯೇ ಇಲ್ಲ, ಆ ಫೋಟೋಗಳು ಇದ್ದೂ ಇಲ್ಲದಂತೆ. ಹೊರಗೆ ಬಿಸಿಲಿಗಿಟ್ಟು ಕಾಯುತ್ತ ಕೂತೆ. ವಕೀಲರು ಅತ್ತಿಂದಿತ್ತ ನಡೆದರು. ಅಕ್ಕ ಯಾರಿಗೂ ಬೇಡವಾದ ಪುರಿಯ ಪ್ರಸಾದ ತಂದು ತಂದು ಮುಂದಿಟ್ಟರು.

ಕಂಪ್ಯೂಟರ್ ಒಂದನ್ನು ಗುರುತಿಸಿತು. ಎರಡನೆಯದನ್ನು ಗುರುತಿಸಲಿಲ್ಲ. ತೆಗೆದು ಮತ್ತೆ ಒರೆಸಿ ಸ್ವಲ್ಪ ಓರೆಯಾಗಿ ಒತ್ತಿ ಹಿಡಿದೆ. ಗುರುತಿಸಿತು. ಪೆಟ್ಟಿಗೆ ತೆರೆಯಿತು.

"ಅಯ್ಯಪ್ಪಾ!" ಅಂದರು ಅಕ್ಕ. ವಕೀಲರು ಪ್ರಿಂಟರ್ ಕಡೆ ಓಡಿದರು. ಎಲ್ಲರೂ ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ.

ನಾನು ಪ್ರಿಂಟ್ ಹೊಂದಿಸುತ್ತಿದ್ದಾಗ ಅಕ್ಕ ಹೆಮ್ಮೆಯಿಂದ ಮೊಬೈಲ್ ಮುಂದೆ ಹಿಡಿದರು. ಹಿಂದಿನ ದಿನದ ಪೂಜೆಯ ಫೋಟೋ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದು. ಹಾರ ಹಾಕಿದ ಕಂಪ್ಯೂಟರು, ತಟ್ಟೆ, ಸುತ್ತ ಬೀದಿಯ ಜನ. ತೋರಿಸುತ್ತ ತೋರಿಸುತ್ತ ಅಕ್ಕನ ಬೆರಳು ನಿಂತಿತು. ಫೋಟೋದ ಅಂಚಿನಲ್ಲಿ ಪುರಿಯ ದೊನ್ನೆ ಹಿಡಿದು ಒಬ್ಬ ಯುವಕ ನಿಂತಿದ್ದ. "ಇವನು... ಆಯಮ್ಮನ ಮೈದುನ ಅಲ್ವೇನಮ್ಮಾ?" ಎಂದು ನನ್ನನ್ನೇ ಕೇಳಿದರು, ಅವನು ನನಗೆ ಗೊತ್ತಿರುವವನೆಂಬಂತೆ. "ಹಿಂದಿನ ಸಾಲಲ್ಲೇ ಮನೆ ಅವರದ್ದು. ಪ್ರಸಾದಕ್ಕೆ ಬೀದಿಯವರನ್ನೆಲ್ಲಾ ಕರೆದಿದ್ದೆ. ನಾನು ನೋಡ್ಲೇ ಇಲ್ಲ."

ಎಲ್ಲಾ ನಮ್ಮವರೇ.

ಕಂಪ್ಯೂಟರಿನ ದಾಖಲೆ ತೆಗೆದೆ. ಯಾವ ಹೊತ್ತಿಗೆ ಏನು ಚುಚ್ಚಿದರು ಎಂಬುದನ್ನು ಅದು ಬರೆದಿಟ್ಟುಕೊಂಡಿರುತ್ತದೆ. ಪೂಜೆಯ ಸಂಜೆ ಕಂಪ್ಯೂಟರ್ ಆನ್ ಇತ್ತು. ನಮ್ಮ ಮೂರು ಪೆನ್‌ಡ್ರೈವಿನಲ್ಲಿ ಯಾವುದನ್ನೂ ಚುಚ್ಚಿರಲಿಲ್ಲ. ಆದರೆ ನಮ್ಮದಲ್ಲದ ಒಂದನ್ನು ಚುಚ್ಚಿ ತೆಗೆದಿದ್ದರು.

"ಅದು ಭಜನೆ ಹಾಡು" ಅಂದರು ಅಕ್ಕ. "ಯಾರೋ ತಂದಿದ್ರು."

"ಯಾರು?"

"ಯಾರೋ... ಜನ ಇದ್ರು ಕಣಮ್ಮಾ."

ಶಿವಮೊಗ್ಗದಲ್ಲಿದ್ದ ಮೇಡಂಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ನಾನು ಹೇಳಿದ್ದು ಇಷ್ಟು: ಪೆಟ್ಟಿಗೆಯ ಫೈಲನ್ನು ಆ ಭಜನೆಯ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡಿರಬಹುದು. ನಮ್ಮ ಕೈಗಳನ್ನು ಬೊಟ್ಟು ಇಡುವ ಮೊದಲೇ ಫೋನಿಗೆ ಚುಚ್ಚಿ ನಕಲು ಮಾಡಿಕೊಂಡು ಮತ್ತೆ ತಟ್ಟೆಯಲ್ಲೇ ಇಟ್ಟಿರಬಹುದು. ಹಿತ್ತಾಳೆಯ ಕೈ ಕದ್ದರೆ ತಟ್ಟೆ ಖಾಲಿಯಾಗುತ್ತದೆ. ಇದನ್ನು ಕದ್ದರೆ ತಟ್ಟೆ ತುಂಬಿಯೇ ಇರುತ್ತದೆ.

ವಕೀಲರು ಪ್ರಿಂಟ್ ಹಾಳೆ ಜೋಡಿಸುತ್ತಲೇ ಕೇಳಿದರು, "ಸಾಕ್ಷಿ ಎಲ್ಲಿ?"

"ಇಲ್ಲ ಸರ್."

"ಪುರಿ ತಿನ್ನಕ್ಕೆ ಬಂದೋನು ಅವನು. ನಿನ್ನ ಚುಕ್ಕಿ, ಗೆರೆ ಎಲ್ಲಾ ಅವನಿಗೇನು ಗೊತ್ತು?"

"ಗೊತ್ತಿಲ್ಲ ಅನ್ನೋದಕ್ಕೆ ನಿಮ್ಮ ಹತ್ರ ಸಾಕ್ಷಿ ಇದ್ಯಾ?"

"ಇದು ನಿನ್ನ ಕಾಲೇಜ್ ಡಿಬೇಟ್ ಅಲ್ಲ ಮಾರಾಯ್ತಿ!"

"ಅದಕ್ಕೇ ಹೇಳ್ತಿರೋದು. ಡಿಬೇಟಲ್ಲಿ ಆರೋಪ ಮಾಡಿದವರು ಸಾಬೀತು ಮಾಡಬೇಕು. ಕೋರ್ಟಲ್ಲೂ ಅಷ್ಟೇ. ಇಲ್ಲಿ ಉಲ್ಟಾ. ಸೋರಿಲ್ಲ ಅಂತ ಸಾಬೀತು ಮಾಡಕ್ಕಾಗದೇ ಇದ್ರೆ, ಸೋರಿದೆ."

ಫೋನಿನಲ್ಲಿ ಮೇಡಂ, "ಹೊಸ ಕೈ ಮಾಡ್ಬಿಡು ಕಣೇ. ಹಳೇದು ಕೆಲಸಕ್ಕೆ ಬಾರದ ಹಾಗೆ" ಅಂದರು.

ಮಾಡಿದೆ. ಹೊಸ ಪೆಟ್ಟಿಗೆ, ಹೊಸ ಗೆರೆ, ಹೊಸ ಮೂರು ಚುಕ್ಕಿ. ಮಾಡುತ್ತಿರುವಾಗಲೇ ಇದು ಎಂಥ ವ್ಯರ್ಥ ಕೆಲಸ ಎಂದು ಹೊಳೆಯುತ್ತಿತ್ತು. ವಿಳಾಸವನ್ನು ಯಾರಾದರೂ ಆಗಲೇ ಓದಿದ್ದರೆ, ಓದಿದವನ ತಲೆಯೊಳಗಿನದಕ್ಕೆ ಯಾವ ಬೀಗ? ಎನ್‌ಕ್ರಿಪ್ಶನ್ ಬರೆದದ್ದನ್ನು ಕಾಯುತ್ತದೆ, ತಿಳಿದದ್ದನ್ನಲ್ಲ. ಬದಲಾಯಿಸಬೇಕಾದದ್ದು ಕೀ ಅಲ್ಲ, ವಿಳಾಸ.

"ಆಯಮ್ಮನಿಗೆ ಹೇಳಬೇಕು" ಅಂದೆ.

ಮೂವರೂ ಒಟ್ಟಿಗೆ ಬೇಡವೆಂದರು. ಆ ಮೂವರು ಅಷ್ಟು ಬೇಗ ಒಮ್ಮತಕ್ಕೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಈಗಷ್ಟೇ ಟೈಲರಿಂಗ್ ಕೆಲಸ ಸಿಕ್ಕಿದೆ, ಮಗಳು ಶಾಲೆಗೆ ಹೊಂದಿಕೊಂಡಿದ್ದಾಳೆ, ಸುಮ್ಮನೆ ಹೆದರಿಸಬೇಡ, ಏನೂ ಆಗಿಲ್ಲದೆಯೂ ಇರಬಹುದು. ಒಂದೊಂದೂ ಒಳ್ಳೆಯ ವಾದವೇ. ಎದುರು ಬದಿಯಲ್ಲಿ ನಿಲ್ಲಿಸಿದ್ದರೆ ಅವನ್ನೇ ನಾನು ಇನ್ನೂ ಚೆನ್ನಾಗಿ ಮಂಡಿಸುತ್ತಿದ್ದೆ.

"ಏನೂ ಆಗಿಲ್ಲದೆಯೂ ಇರಬಹುದು, ಒಪ್ತೀನಿ" ಅಂದೆ. "ಆದ್ರೆ ಆ 'ಇರಬಹುದು' ಮೇಲೆ ಮಲಗಬೇಕಾಗಿರೋದು ನಾವಲ್ಲ. ಮಲಗಬೇಕೋ ಬೇಡವೋ ಅವರು ಹೇಳಲಿ."

"ಸರಿ" ಅಂದರು ಮೇಡಂ ಕೊನೆಗೆ, ದನಿ ತಗ್ಗಿಸಿ. "ನೀನೇ ಹೇಳು ಹಾಗಾದ್ರೆ. ನನ್ನ ತಟ್ಟೆ ವಿಷಯಾನೂ ಹೇಳು. ಮುಚ್ಚಿಡಬೇಡ."

ಅಕ್ಕ, ನಾನು ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದೆವು. ದಾರಿಯುದ್ದಕ್ಕೂ ಅಕ್ಕ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು. ನೋಡಬೇಡಿ ಎಂದವಳು ನಾನೂ ಎರಡು ಸಲ ನೋಡಿದೆ.

ಆಯಮ್ಮ ಇದ್ದದ್ದು ಮಹಿಳೆಯರ ಹಾಸ್ಟೆಲ್ಲೊಂದರಲ್ಲಿ. ತಾರಸಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದರು. ನಮ್ಮನ್ನು ಕಂಡದ್ದೇ, "ಹಬ್ಬದ ದಿನ ಬರೀ ಕೈಲಿ ಬಂದ್ರಾ?" ಎಂದು ತಮಾಷೆ ಮಾಡಿದರು. ಅಕ್ಕನ ಮುಖ ನೋಡಿ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ವಾಪಸು ಹಾಕಿದರು.

ಎಲ್ಲ ಹೇಳಿದೆ. ಮೂರು ಕೈ, ತಟ್ಟೆ, ಫೋಟೋ, ಮೈದುನ, ಭಜನೆಯ ಪೆನ್‌ಡ್ರೈವು. ಮುಗಿದ ಮೇಲೆ ಅವರು, "ನನ್ನ ವಿಷಯಕ್ಕೆ ಮೂರು ಕೈ ಮಾಡಿದ್ರಾ?" ಎಂದು ಕೇಳಿದರು.

"ಹೌದು."

"ನಂಗೊಂದು ಕೊಡ್ಬೇಕು ಅಂತ ಯಾರಿಗೂ ಅನ್ನಿಸ್ಲಿಲ್ವಾ?"

"ಈಗ ಕೊಡ್ತೀನಿ. ಇಟ್ಕೋತೀರಾ?" ಅಂದೆ.

ಅವರು ಸೊಂಟದಿಂದ ಫೋನ್ ತೆಗೆದು ಬೆರಳು ಎಳೆದರು. ಪಿನ್ ಇಲ್ಲ, ಏನೂ ಇಲ್ಲ. ಪರದೆ ಹಾಗೇ ತೆರೆದುಕೊಂಡಿತು. "ಆ ಮನೇಲಿ ಫೋನಿಗೆ ಲಾಕ್ ಹಾಕಿದ್ದಕ್ಕೇ ಮೊದಲ ಏಟು ಬಿದ್ದಿದ್ದು. ಲಾಕ್ ಇದ್ರೆ ಒಳಗೇನೋ ಇದೆ ಅಂತಲ್ವಾ? ಅವತ್ತಿಂದ ನಾನು ಏನನ್ನೂ ಬೀಗ ಹಾಕಿ ಇಡ್ಲಿಲ್ಲ. ಹೊರಡೋ ದಿನಾನೂ ಎಲ್ಲೂ ಬರೀಲಿಲ್ಲ, ಯಾರಿಗೂ ಹೇಳ್ಲಿಲ್ಲ. ಮಗಳಿಗೂ ಬಸ್ ಹತ್ತಿದ ಮೇಲೇ ಗೊತ್ತಾಗಿದ್ದು." ಫೋನನ್ನು ಮತ್ತೆ ಸಿಕ್ಕಿಸಿಕೊಂಡರು. "ಅದೊಂದು ಗುಟ್ಟು ಮಾತ್ರ ಸೋರಲಿಲ್ಲ ನೋಡಿ."

ಅಕ್ಕ ಅಳತೊಡಗಿದರು. ಅವರೇ ಅಕ್ಕನ ಬೆನ್ನು ಸವರಿದರು. "ಬಿಡಿ ಅಕ್ಕ. ಜಾಗ ಬದಲಾಯ್ಸ್ತೀನಿ. ಒಂದು ಕಡೆ ಕೇಳಿಟ್ಟಿದ್ದೀನಿ, ನಾಳೆನೇ ಹೋಗ್ತೀವಿ."

ಎಲ್ಲಿ ಎಂದು ಕೇಳಲು ಅಕ್ಕ ಬಾಯಿ ತೆರೆದರು. ನಾನು ಅವರ ಕೈ ಹಿಡಿದು ತಡೆದೆ.

ಬರೆದಿಟ್ಟುಕೊಳ್ಳದಿದ್ದರೆ ಕದಿಯಲು ಏನೂ ಇರುವುದಿಲ್ಲ. ಬರೆದಿಟ್ಟುಕೊಳ್ಳದಿದ್ದರೆ, ಒಂದು ದಿನ ಅವರು ಫೋನ್ ಎತ್ತದೆ ಹೋದಾಗ ಪೊಲೀಸರನ್ನು ಕಳಿಸಲು ನಮ್ಮ ಹತ್ತಿರ ವಿಳಾಸವೂ ಇರುವುದಿಲ್ಲ. ಎರಡೂ ಬದಿಗೆ ನಾನು ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ತೀರ್ಪು ಮಾತ್ರ ನನ್ನದಲ್ಲ. ಅವರು ಬಕೆಟ್ಟಿನಿಂದ ಮಗಳ ಶಾಲೆಯ ಯೂನಿಫಾರಂ ಎತ್ತಿ ಹಿಂಡುತ್ತಿದ್ದರು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದರು. ಕೇಳಿದೆ:

"ಹೊಸ ವಿಳಾಸ ನಮ್ಮ ಪೆಟ್ಟಿಗೆಯಲ್ಲಿ ಇರಬೇಕಾ, ಬೇಡ್ವಾ?"